ಮಿಷಿಗನ್ ಫುಟ್‌ಬಾಲ್ ತಂಡದ ದಾಖಲೆ ಪಟ್ಟಿ ಮಾಡುವ ಬಗೆ

ಮಿಷಿಗನ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡ ರೋಸ್ ಬೌಲ್ ಪಂದ್ಯವನ್ನು (ಸೀಸನ್ ಮುಗಿದ ಮೇಲೆ ಆಯ್ದ ತಂಡಗಳ ನಡುವೆ ನಡೆಯುವ ‘ಬೌಲ್’ ಪಂದ್ಯಗಳಲ್ಲಿ ಒಂದು) 49–0ರಿಂದ ಗೆದ್ದದ್ದು ಒಂದು ಸಲವಲ್ಲ, ಎರಡು ಸಲ. 1902ರ ಜನವರಿ 1ರಂದು ಸ್ಟ್ಯಾನ್‌ಫರ್ಡ್ ಎದುರು, 1948ರ ಜನವರಿ 1ರಂದು ಸದರ್ನ್ ಕ್ಯಾಲಿಫೋರ್ನಿಯಾ ಎದುರು. ಅಂಕ ಒಂದೇ, ಲೆಕ್ಕ ಬೇರೆ. 1902ರಲ್ಲಿ ಟಚ್‌ಡೌನ್‌ಗೆ, ಅಂದರೆ ಚೆಂಡನ್ನು ಎದುರಾಳಿಯ ಗೋಲು ಗೆರೆ ದಾಟಿಸಿದ್ದಕ್ಕೆ, 5 ಅಂಕ. ಅಂದು ಐದು ಟಚ್‌ಡೌನ್ ಹೊಡೆದ ನೀಲ್ ಸ್ನೋ ಪಾಲಿಗೆ ಬಂದದ್ದು 25, ಇಂದಾದರೆ 30. 1948ರ 49 ಎಂದರೆ ಏಳು ಟಚ್‌ಡೌನ್, ಪ್ರತಿಯೊಂದಕ್ಕೂ 6, ಜೊತೆಗೆ ಟಚ್‌ಡೌನ್ ಬಳಿಕ ಸಿಗುವ ಏಳು ಕಿಕ್‌ಗಳಿಂದ ಒಂದೊಂದು.

ಆದ್ದರಿಂದ ಪಟ್ಟಿಯಲ್ಲಿ ಸ್ಕೋರಿನ ಪಕ್ಕದಲ್ಲೇ ‘ಅಂದಿನ ನಿಯಮ’ ಎಂಬ ಕಾಲಂ ಇರಲಿ. ಟಚ್‌ಡೌನ್ 6 ಆದದ್ದು 1912ರಲ್ಲಿ. ಫೀಲ್ಡ್ ಗೋಲ್ (ಚೆಂಡನ್ನು ಗೋಲು ಕಂಬಗಳ ನಡುವೆ ಒದೆಯುವುದು) 1904ರಲ್ಲಿ 5ರಿಂದ 4ಕ್ಕೆ, 1909ರಲ್ಲಿ 3ಕ್ಕೆ ಇಳಿಯಿತು. ಮುಂದಕ್ಕೆ ಚೆಂಡೆಸೆಯಲು ಅನುಮತಿ ಸಿಕ್ಕಿದ್ದು 1906ರಲ್ಲಿ. ಅಂಕ ಪದ್ಧತಿಯೇ ಬಂದದ್ದು 1883ರಲ್ಲಿ. ಹಾಗಾಗಿ 1879ರ ಮೇ 30ರಂದು ಶಿಕಾಗೋದಲ್ಲಿ ರಸೀನ್ ಕಾಲೇಜಿನ ಎದುರು ಆಡಿದ ಮೊದಲ ಪಂದ್ಯದ 1–0 ಗೋಲಿನ ಲೆಕ್ಕ. ಹಳೆಯ ಸ್ಕೋರನ್ನು ಇಂದಿನ ಅಂಕಕ್ಕೆ ಎಂದೂ ಪರಿವರ್ತಿಸಬೇಡಿ. ಇದ್ದದ್ದನ್ನು ಇದ್ದ ಹಾಗೇ ಬರೆಯಿರಿ.

ಸೀಸನ್‌ಗೆ ಒಂದು ಕಾಲಂ, ದಿನಾಂಕಕ್ಕೆ ಇನ್ನೊಂದು. ಜನವರಿಯ ಬೌಲ್ ಪಂದ್ಯ ಹಿಂದಿನ ವರ್ಷದ ಸೀಸನ್‌ಗೆ ಸೇರುತ್ತದೆ. ಅತಿ ಹೆಚ್ಚು ತಪ್ಪಾಗುವುದು ಇಲ್ಲೇ. ಕೋಚ್ ಫೀಲ್ಡಿಂಗ್ ಯೋಸ್ಟ್‌ನ ಮೊದಲ ತಂಡ 1901ರಲ್ಲಿ 11 ಪಂದ್ಯಗಳಲ್ಲಿ 550 ಅಂಕ ಗಳಿಸಿ ಒಂದನ್ನೂ ಬಿಟ್ಟುಕೊಡಲಿಲ್ಲ. ನಿಮ್ಮ ಮೊತ್ತ 501ಕ್ಕೆ ನಿಂತರೆ ರೋಸ್ ಬೌಲ್ 1902ರ ಸಾಲಿಗೆ ಜಾರಿದೆ ಎಂದರ್ಥ.

ಗೆಲುವು, ಸೋಲು, ಟೈ — ಮೂರು ಕಾಲಂ ಬೇಕು. 1996ರಲ್ಲಿ ಹೆಚ್ಚುವರಿ ಆಟದ ನಿಯಮ ಬರುವವರೆಗೆ ಲೀಗ್ ಪಂದ್ಯಗಳು ಸಮವಾದರೆ ಹಾಗೇ ಮುಗಿಯುತ್ತಿದ್ದವು. 1973ರಲ್ಲಿ ಓಹಾಯೋ ಸ್ಟೇಟ್ ಜೊತೆ 10–10 ಆಗಿ ಸೀಸನ್ 10–0–1ಕ್ಕೆ ಮುಗಿಯಿತು. ಶೇಕಡಾವಾರು ತೆಗೆಯುವಾಗ ಟೈಯನ್ನು ಅರ್ಧ ಗೆಲುವೆಂದು ಹಿಡಿಯಿರಿ: 10.5 ಭಾಗಿಸು 11, ಅಂದರೆ .955.

ಕಾನ್ಫರೆನ್ಸ್ (ತಮ್ಮತಮ್ಮಲ್ಲಿ ಆಡುವ ಕಾಲೇಜು ತಂಡಗಳ ಕೂಟ) ಕಾಲಂ 1907ರಿಂದ ಖಾಲಿ ಕಂಡರೆ ಗಾಬರಿ ಬೇಡ. ತಂಡ ಆಗ ವೆಸ್ಟರ್ನ್ ಕಾನ್ಫರೆನ್ಸಿನಿಂದ ಹೊರಬಂದು 1917ರಲ್ಲಿ ಮರಳಿತು. 1918ರಲ್ಲಿ ಇನ್‌ಫ್ಲುಯೆಂಜಾ ಕಾರಣ ಐದೇ ಪಂದ್ಯ, 2020ರಲ್ಲಿ ಕೋವಿಡ್ ಕಾರಣ ಆರೇ.

ರಾಷ್ಟ್ರೀಯ ಚಾಂಪಿಯನ್ ಎಂದು ಬರೆಯುವಲ್ಲೆಲ್ಲ ಹಾಗೆ ಘೋಷಿಸಿದವರು ಯಾರು ಎಂಬುದನ್ನೂ ಬರೆಯಿರಿ. ಎಪಿ (ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ) ತಂಡಗಳಿಗೆ ಸ್ಥಾನ ಕೊಡುವ ಸಮೀಕ್ಷೆ ಶುರುವಾದದ್ದೇ 1936ರಲ್ಲಿ. 1947ರ ಅಂತಿಮ ಎಪಿ ಸಮೀಕ್ಷೆ ಬೌಲ್‌ಗಳಿಗೆ ಮೊದಲೇ ನಡೆದು ನೋಟರ್ ಡೇಮ್‌ಗೆ ಮೊದಲ ಸ್ಥಾನ ಕೊಟ್ಟಿತು. ರೋಸ್ ಬೌಲ್ ಆದಮೇಲೆ ನಡೆದ ವಿಶೇಷ ಮತದಾನದಲ್ಲಿ ಮಿಷಿಗನ್ ಮುಂದೆ ಬಂದರೂ ಅಧಿಕೃತ ಫಲ ಬದಲಾಗಲಿಲ್ಲ. 1997ರಲ್ಲಿ ಎಪಿ ಆರಿಸಿದ್ದು ಮಿಷಿಗನ್ನನ್ನು, ಕೋಚ್‌ಗಳ ಸಮೀಕ್ಷೆ ಆರಿಸಿದ್ದು ನೆಬ್ರಾಸ್ಕಾವನ್ನು. ಎರಡೂ ಹೆಸರು ಇರಬೇಕು.

ಕೊನೆಗೆ ಗೆಲುವುಗಳನ್ನು ಮೊದಲಿಂದ ಕೂಡಿಸುತ್ತ ಬನ್ನಿ. 2023ರ ನವೆಂಬರ್ 18ರಂದು ಮೇರಿಲ್ಯಾಂಡ್ ಎದುರು ಬಂದ 31–24ರ ಗೆಲುವು ತಂಡದ 1000ನೆಯದು. ನಿಮ್ಮ ಪಟ್ಟಿಯಲ್ಲಿ ಅಲ್ಲಿ 999 ಅಥವಾ 1001 ಬಂದರೆ ಮೊದಲು ಜನವರಿ ಪಂದ್ಯಗಳನ್ನು, ಆಮೇಲೆ ಟೈಗಳನ್ನು, ಕೊನೆಗೆ 1883ಕ್ಕೆ ಹಿಂದಿನ ಸಾಲುಗಳನ್ನು ತಿರುವಿ ನೋಡಿ.