ಬಾಯಿಪಾಠ ಸಾಲದು, ಬರೆಯುವ ಕೈ ಬೇಕು

ಗದಗದ ಬೆಟಗೇರಿಯ ನಮ್ಮ ಮನೆಗೆ ಕೆಲಸ ಕೇಳಿಕೊಂಡು ಬರುವವರಲ್ಲಿ ಹೆಚ್ಚಿನವರು ಮೂವತ್ತು ದಾಟಿದವರು. ನನ್ನ ಯಜಮಾನರು ಇಲ್ಲಿ ಸಭಾಪಾಲಕರು, ಅಂದರೆ ಚರ್ಚಿನ ಪಾದ್ರಿ, ನಾನು ಮೊದಲು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವಳು. ಪಾದ್ರಿಯವರು ಒಂದು ಚೀಟಿ ಬರೆದುಕೊಟ್ಟರೆ ಎಲ್ಲಾದರೂ ಕೆಲಸ ಸಿಕ್ಕೀತು ಎಂದು ಜನ ನಂಬುತ್ತಾರೆ. ಚೀಟಿ ಒಯ್ದರೂ ಅಲ್ಲಿ ಕೇಳುವುದು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್. ಮಗ್ಗ ನಿಂತು ಕೈಖಾಲಿಯಾದವರು, ಗೌಂಡಿ ಕೆಲಸ ಸಿಗದೆ ಕೂತವರು, ಗಂಡನನ್ನು ಕಳೆದುಕೊಂಡ ಹೆಣ್ಣುಮಕ್ಕಳು, ಬಹುತೇಕ ಎಲ್ಲರೂ ಎಂಟನೇತ್ತಾ ಒಂಬತ್ತನೇತ್ತಾದಲ್ಲಿ ಶಾಲೆ ಬಿಟ್ಟವರು. ಇವರನ್ನು ಪರೀಕ್ಷೆಗೆ ಕೂರಿಸಬೇಕೆಂದು ಇಬ್ಬರೂ ನಿಶ್ಚಯಿಸಿದೆವು.

ಪಾದ್ರಿಗಳ ಶಾಲೆ ಈ ಭಾಗಕ್ಕೆ ಹೊಸದಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಪಾದ್ರಿಗಳು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ಆದರೂ ಮತಾಂತರದ ಅನುಮಾನ ಇದ್ದೇ ಇರುತ್ತದೆ, ಇರುವುದು ಸಹಜ. ಅದಕ್ಕೇ ತರಗತಿಯನ್ನು ಚರ್ಚಿನ ಆವರಣದಲ್ಲಿ ಇಡದೆ, ಪರಿಚಯದವರೊಬ್ಬರ ಮಗ್ಗದ ಶೆಡ್ಡಿನಲ್ಲಿ ಇಟ್ಟೆವು. ಅಲ್ಲಿ ಪ್ರಾರ್ಥನೆಯಿಲ್ಲ, ಬೈಬಲ್ ಇಲ್ಲ. ಇದನ್ನು ಸಭೆಯ ಕೆಲವು ಹಿರಿಯರು ಒಪ್ಪಲಿಲ್ಲ. ನಮ್ಮ ಕರ್ತನ ಸೇವೆ ಇದರಲ್ಲೇ ಇದೆ ಎಂದು ಯಜಮಾನರು ಹೇಳಿದರು, ಆ ಮಾತಿನಿಂದ ಇವತ್ತಿಗೂ ಸರಿದಿಲ್ಲ.

ಒಬ್ಬ ಅತ್ತೆ ಬಾಗಿಲಲ್ಲೇ ನಿಂತು ಕೇಳಿದಳು: "ಅಕ್ಕಾರ, ನಮ್ಮ ಸೊಸಿನ ನಿಮ್ಮ ಮತಕ್ಕ ಸೇರಸಂಗಿಲ್ಲ, ಹೌದಿಲ್ಲೋ?"

"ಇಲ್ಲವ್ವಾ. ನೀನೂ ಒಳಗ ಬಂದು ಕೂಡು, ಏನ್ ಕಲಸ್ತೀವಿ ನೋಡು."

ಆಕೆ ಬಂದಳು. ಶೇಂಗಾ ಸುಲಿಯುತ್ತ ಮೂಲೆಯಲ್ಲಿ ಕೂತಳು. ಆಮೇಲೆ ಸೊಸೆಯ ಸಂಗಡ ಆ ಓಣಿಯ ಇನ್ನಷ್ಟು ಹೆಣ್ಣುಮಕ್ಕಳು ಬಂದರು. ನಾವು ಗಂಡ ಹೆಂಡತಿ ಜೋಡಿಯಾಗಿ ಮನೆಮನೆಗೆ ಹೋಗಿದ್ದರಿಂದ ಇದಾಯಿತು, ಯಜಮಾನರು ಒಬ್ಬರೇ ಹೋಗಿದ್ದರೆ ಯಾರೂ ಕಳಿಸುತ್ತಿರಲಿಲ್ಲ. ನಾನು ಗಣಿತ, ವಿಜ್ಞಾನ ಹೇಳಿಕೊಡುವಾಗ ಅವರು ಕೂಸುಗಳನ್ನು ಹೊರಗೆ ಆಡಿಸುತ್ತಿದ್ದರು. ಅವರ ಕನ್ನಡ, ಸಮಾಜ ವಿಜ್ಞಾನದ ಪಾಠವಾದರೆ ಕೂಸುಗಳು ನನ್ನ ಪಾಲಿಗೆ.

ಎರಡು ದಾರಿಗಳಿವೆ. ಒಂದು, ಎನ್‌ಐಓಎಸ್ ಎಂಬ ರಾಷ್ಟ್ರೀಯ ಮುಕ್ತ ಶಾಲೆ. ವಯಸ್ಸಿನ ಮೇಲ್ಮಿತಿ ಇಲ್ಲ, ಐದು ವಿಷಯ ಸಾಕು, ನೋಂದಣಿ ಐದು ವರ್ಷ ನಡೆಯುತ್ತದೆ, ಗಣಿತ ಬೇಡದವರು ಬಿಡಬಹುದು. ಇನ್ನೊಂದು, ರಾಜ್ಯ ಮಂಡಳಿಯ ಎಸ್ಸೆಸ್ಸೆಲ್ಸಿಗೆ ಖಾಸಗಿ ಅಭ್ಯರ್ಥಿಯಾಗಿ ಕೂರುವುದು. ಅಲ್ಲಿ ಆರು ವಿಷಯ. ಶಾಲೆಯ ಮಕ್ಕಳಿಗೆ ಸಿಗುವ 20 ಆಂತರಿಕ ಅಂಕ ಇವರಿಗಿಲ್ಲ, ನೂರಕ್ಕೆ ನೂರೂ ಬರೆದೇ ಗಳಿಸಬೇಕು. ಗಣಿತ ಬಿಟ್ಟು ಪಾಸಾದವರಿಗೆ ಮುಂದೆ ಕೆಲವು ಬಾಗಿಲು ಮುಚ್ಚುತ್ತವೆ. ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ ಹುದ್ದೆಗೆ ಹತ್ತನೇತ್ತಾದಲ್ಲಿ ಗಣಿತ, ಇಂಗ್ಲಿಷ್ ಎರಡೂ ಪಾಸಾಗಿರಲೇಬೇಕು. ಆದ್ದರಿಂದ ವಯಸ್ಸು ಕಡಿಮೆಯಿದ್ದವರನ್ನು ಎಸ್ಸೆಸ್ಸೆಲ್ಸಿಗೇ ಒಯ್ದೆವು.

ಕಾಗದಪತ್ರದ ಕೆಲಸ ಯಜಮಾನರದು. ಹಳೆಯ ಶಾಲೆಗೆ ಹೋಗಿ ದಾಖಲಾತಿ ರಿಜಿಸ್ಟರ್ ತೆಗೆಸಿ ಟಿ.ಸಿ. ಬರೆಸುವುದು, ತವರಿನ ಹೆಸರಿನ ಟಿ.ಸಿ.ಗೂ ಗಂಡನ ಹೆಸರಿರುವ ಆಧಾರಿಗೂ ತಾಳೆ ಹಾಕುವುದು. ಇದನ್ನು ಅರ್ಜಿ ಕರೆಯುವ ಮೊದಲೇ ಮುಗಿಸಿಕೊಳ್ಳಬೇಕು.

ಇನ್ನು ಪಾಠ. ಈ ವಯಸ್ಸಿನವರಿಗೆ ತಿಳಿವಳಿಕೆ ಕಡಿಮೆ ಎಂದುಕೊಳ್ಳಬೇಡಿ. ಗೌಂಡಿ ಕೆಲಸದ ಒಬ್ಬರನ್ನು ಕೇಳಿದೆ, "ಪಾಯಾ ಹಾಕೋವಾಗ ಮೂಲಿ ಹೆಂಗ ಕೂಡಸ್ತೀರಿ?"

"ಈ ಕಡೆ ಮೂರು ಫೂಟಿಗೆ ಗುರ್ತ ಹಾಕ್ತೀವ್ರಿ, ಆ ಕಡೆ ನಾಕು ಫೂಟಿಗೆ. ನಡುವ ಟೇಪ ಹಿಡದ್ರ ಐದ ಬರಬೇಕ್ರಿ. ಬರಲಿಲ್ಲಂದ್ರ ಮೂಲಿ ತಪ್ಪೈತಿ ಅಂತ."

ಅದು ಪೈಥಾಗೊರಸನ ಪ್ರಮೇಯದ ವಿಲೋಮ. ಒಂಬತ್ತಕ್ಕೆ ಹದಿನಾರು ಕೂಡಿಸಿದರೆ ಇಪ್ಪತ್ತೈದು ಎಂದು ಹಲಗೆಯ ಮೇಲೆ ಬರೆದು ತೋರಿಸಿದಾಗ ಅವರು ತಾವೇ ಎದ್ದು ಬಂದು ಚಿತ್ರ ತೆಗೆದರು. ಆದರೆ ಪರೀಕ್ಷೆಯಲ್ಲಿ ಅಂಕ ಬರುವುದು ದತ್ತ, ಸಾಧನೀಯ, ರಚನೆ, ಸಾಧನೆ ಎಂದು ಸಾಲುಸಾಲಾಗಿ ಬರೆದರೆ. ಅಲ್ಲಿ ಅವರ ಕೈ ನಿಂತುಹೋಯಿತು. ದಿನವಿಡೀ ಕರಣಿ ಹಿಡಿದವರು ಅರ್ಧ ತಾಸು ಬರೆಯುವಷ್ಟರಲ್ಲಿ "ಬೊಟ್ಟು ನೋಯಾಕತ್ಯಾವ್ರೀ ಅಕ್ಕಾರ" ಎಂದು ಪೆನ್ನು ಕೆಳಗಿಟ್ಟರು. ನೇಕಾರರದ್ದೂ ಅದೇ ಪಾಡು. ಬಾಯಲ್ಲಿ ಕೇಳಿದರೆ ಪಟಪಟ ಹೇಳುತ್ತಾರೆ, ಹಾಳೆಯ ಮೇಲೆ ಬರುವುದು ಎರಡೇ ಸಾಲು.

ಹೀಗಾಗಿ ನಮ್ಮ ತರಗತಿಯಲ್ಲಿ ಹೇಳುವುದಕ್ಕಿಂತ ಬರೆಯುವುದೇ ಹೆಚ್ಚು. ಮೊದಲು ದಿನಕ್ಕೊಂದು ಪುಟ, ದಿನಪತ್ರಿಕೆ ನೋಡಿ ಬರೆಯುವುದು. ನಂತರ ಒಂದೇ ಉತ್ತರವನ್ನು ಪುಸ್ತಕ ನೋಡಿ ಒಮ್ಮೆ, ನೋಡದೆ ಒಮ್ಮೆ. ನೆಲದ ಮೇಲೆ ಕೂತು ಬರೆದವರಿಗೆ ಪರೀಕ್ಷೆಯ ದಿನ ಬೆಂಚು ಒಗ್ಗುವುದಿಲ್ಲವೆಂದು ಸಭೆಯ ಹಾಲಿನಿಂದ ಬೆಂಚು ತರಿಸಿಕೊಂಡೆವು. ಜನವರಿಯಿಂದ ಭಾನುವಾರ ಮಧ್ಯಾಹ್ನ, ಆರಾಧನೆ ಮುಗಿದ ಮೇಲೆ, ಹಳೆಯ ಪ್ರಶ್ನೆಪತ್ರಿಕೆ ಕೊಟ್ಟು ಪೂರಾ ಮೂರು ತಾಸು ಏಳದೆ ಬರೆಸಿದೆವು. ಬೇಗ ಮುಗಿಸಿದವರನ್ನೂ ಗಂಟೆ ಹೊಡೆಯುವವರೆಗೆ ಕೂರಿಸಿದೆವು. ಖಂಡಿತ ಅಂಕ ಕೊಡುವಂಥವು, ಅಂದರೆ ಸಮೀಕರಣದ ನಕ್ಷೆ, ಭಾರತದ ನಕಾಶೆಯಲ್ಲಿ ಸ್ಥಳ ಗುರುತಿಸುವುದು, ಕನ್ನಡದ ಪತ್ರಲೇಖನ, ಇವನ್ನು ಕೈಗೆ ಕೂಡುವ ತನಕ ಬಿಡಲಿಲ್ಲ. ಯಾರ ಮುಂದೆಯೂ ಯಾರ ಅಂಕವನ್ನೂ ಓದಿ ಹೇಳಲಿಲ್ಲ. ಮಗನ ವಯಸ್ಸಿನವನ ಎದುರು ಕಡಿಮೆ ಬಿತ್ತೆಂದರೆ ದೊಡ್ಡವರು ಮರುದಿನ ಬರುವುದಿಲ್ಲ.

2024ರಲ್ಲಿ ಮಂಡಳಿ ಒಂದೇ ವರ್ಷ ಮೂರು ಪರೀಕ್ಷೆ ನಡೆಸಿದ್ದು ನಮ್ಮವರಿಗೆ ದೊಡ್ಡ ಅನುಕೂಲವಾಯಿತು. ಪಾಸಾದ ವಿಷಯ ಮತ್ತೆ ಬರೆಯಬೇಕಿಲ್ಲ. ಆ ಗೌಂಡಿ ಮೊದಲ ಪರೀಕ್ಷೆಯಲ್ಲಿ ಗಣಿತ ಪಾಸಾಗಿ ಇಂಗ್ಲಿಷಿನಲ್ಲಿ ಉಳಿದರು, ಜೂನ್‌ನಲ್ಲಿ ಇಂಗ್ಲಿಷ್ ಒಂದನ್ನೇ ಬರೆದು ದಾಟಿದರು. ಶೇಂಗಾ ಸುಲಿಯುತ್ತ ಕೂತಿದ್ದ ಅತ್ತೆಯ ಸೊಸೆ ಒಂದೇ ಸಲಕ್ಕೆ ಪಾಸಾದಳು, ಈಗ ಪಿಯುಸಿ ಕಟ್ಟಿದ್ದಾಳೆ.

ಡಾಕ್ ಸೇವಕ ಹುದ್ದೆಗೆ ಆಯ್ಕೆ ನಡೆಯುವುದು ಹತ್ತನೇತ್ತಾದ ಅಂಕದ ಮೇಲೆ. ಪಾಸಾಗುವಷ್ಟೇ ಅಂಕ ತಂದರೆ ಪಟ್ಟಿಯಲ್ಲಿ ಹೆಸರು ಬರುವುದಿಲ್ಲ, ಸಾಮಾನ್ಯವಾಗಿ ನಲವತ್ತರ ಒಳಗೇ ಅರ್ಜಿಯನ್ನೂ ಹಾಕಬೇಕು. ಆದ್ದರಿಂದ ಈ ವರ್ಷ ಮೂವತ್ತರ ಆಸುಪಾಸಿನವರಿಗೆ ಬೆಳಿಗ್ಗೆ ಇನ್ನೊಂದು ತರಗತಿ ತೆಗೆದಿದ್ದೇವೆ. ಅದರಲ್ಲಿ ಗಣಿತ ಮತ್ತು ಇಂಗ್ಲಿಷ್ ಎರಡೇ, ಶೆಡ್ಡಿನ ಪಕ್ಕದ ಮಗ್ಗಗಳು ಶುರುವಾಗುವ ಮೊದಲು ಮುಗಿಯುತ್ತದೆ.