ಹಳೆ ಟ್ರಕ್‌ನ ಟೈಮಿಂಗ್ ಚೈನ್: ಯಾವ ಯಾವ ಪಾರ್ಟ್ ಹೊಸದು ಬೇಕು

ಟೈಮಿಂಗ್ ಚೈನ್ ಅಂದರೆ ಕ್ರ್ಯಾಂಕ್‌ನಿಂದ (ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್) ಕ್ಯಾಮನ್ನು (ವಾಲ್ವ್ ತೆರೆಯುವ ಶಾಫ್ಟ್) ತಿರುಗಿಸುವ ಸರಪಳಿ. ಎಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಎರಡು ಮೂರು ಸೆಕೆಂಡ್ ಮುಂಭಾಗದಲ್ಲಿ ಗರಗರ ಸದ್ದು, ಸ್ಕ್ಯಾನರ್‌ನಲ್ಲಿ ಪಿ0016 ಕೋಡ್ (ಕ್ರ್ಯಾಂಕ್, ಕ್ಯಾಮ್ ಒಂದಕ್ಕೊಂದು ಹೊಂದುತ್ತಿಲ್ಲ ಎಂಬ ಸೂಚನೆ). ಕವರ್ ಬಿಚ್ಚಿದಾಗ ಚೈನ್ ದಾರಿ ತಪ್ಪದಂತೆ ಹಿಡಿಯುವ ಪ್ಲಾಸ್ಟಿಕ್ ಗೈಡ್ ಮುರಿದಿತ್ತು. ಚೈನ್ ಉಜ್ಜಿ ಉಜ್ಜಿ ಕವರ್‌ನ ಒಳಗೋಡೆಯಲ್ಲಿ ಹೊಳೆಯುವ ಗೀರು ಬಿದ್ದಿತ್ತು.

ಚೈನ್ ಒಂದನ್ನೇ ಬದಲಿಸಿದರೆ ಉಪಯೋಗವಿಲ್ಲ. ಹಲ್ಲು ಸವೆದು ಕೊಕ್ಕೆಯಾದ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಹೊಸ ಚೈನನ್ನೂ ಬೇಗ ತಿನ್ನುತ್ತದೆ. ಹಾಗಾಗಿ ಚೈನ್, ಕ್ರ್ಯಾಂಕ್ ಮತ್ತು ಕ್ಯಾಮ್ ಸ್ಪ್ರಾಕೆಟ್, ಗೈಡ್, ಆಯಿಲ್ ಒತ್ತಡದಿಂದ ಚೈನ್ ಬಿಗಿಯಾಗಿಡುವ ಟೆನ್ಷನರ್ ಎಲ್ಲ ಒಟ್ಟಿಗೆ. ಕ್ರ್ಯಾಂಕ್ ಸೀಲ್, ಕವರ್ ಗ್ಯಾಸ್ಕೆಟ್, ಒಮ್ಮೆ ಮಾತ್ರ ಬಿಗಿಯಬಹುದಾದ ಬೋಲ್ಟ್ ಕೂಡ ಹೊಸದೇ. ಬೇರೆ ಎಲ್ಲಿ ದುಡ್ಡು ಉಳಿಸಿದರೂ ಟೆನ್ಷನರ್ ಮಾತ್ರ ಕಂಪನಿಯದೇ ಇರಲಿ. ಆಯಿಲ್ ಹಿಡಿದಿಡದ ಅಗ್ಗದ ಟೆನ್ಷನರ್ ಹಾಕಿದರೆ ಅದೇ ಸದ್ದು ಮತ್ತೆ ಶುರು. ಆರ್ಡರ್ ಮಾಡುವಾಗ ಮಾಡೆಲ್ ವರ್ಷ ಸಾಲದು, ಎಂಜಿನ್ ನಂಬರ್ ಕೊಡಿ: ವರ್ಷದ ನಡುವೆಯೇ ಪಾರ್ಟ್ ಬದಲಾಗಿರುವುದುಂಟು. ಬಂದ ಚೈನನ್ನು ಹಳೆಯದರ ಪಕ್ಕ ಇಟ್ಟು ಕೊಂಡಿ ಎಣಿಸಿ.

ಸಂಪ್ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ಇಳಿಸಲೇಬೇಕು. ಗೈಡ್‌ನ ಚೂರು ಆಯಿಲ್ ಹೀರುವ ಪಿಕಪ್ ಜಾಲರಿಗೆ ಸಿಕ್ಕಿಕೊಂಡರೆ ಆಯಿಲ್ ಪ್ರೆಷರ್ ಇಳಿಯುತ್ತದೆ, ಹೊಸ ಟೆನ್ಷನರ್ ಇದ್ದೂ ಇಲ್ಲದಂತೆ.

ಸ್ಪ್ರಾಕೆಟ್‌ಗಳ ಮಾರ್ಕ್ (ಸರಿಯಾದ ಸ್ಥಾನ ತೋರಿಸುವ ಗುರುತು) ಕೂಡಿಸಿ, ಟೆನ್ಷನರನ್ನು ಒತ್ತಿಹಿಡಿದ ಪಿನ್ ಎಳೆದ ಮೇಲೆ ಕ್ರ್ಯಾಂಕನ್ನು ಕೈಯಿಂದ ಎರಡು ಸುತ್ತು ತಿರುಗಿಸಿ. ಸ್ಪ್ರಾಕೆಟ್ ಮಾರ್ಕ್ ಮತ್ತೆ ಕೂಡಬೇಕು. ಮೊದಲು ಮಾರ್ಕ್‌ಗೆ ಹೊಂದಿಸಿದ್ದ ಚೈನಿನ ಬಣ್ಣದ ಕೊಂಡಿಗಳು ಈಗ ಕೂಡುವುದಿಲ್ಲ, ಅದಕ್ಕೆ ಗಾಬರಿ ಬೇಡ. ನಡುವೆ ಎಲ್ಲಾದರೂ ತಡೆದರೆ ಬಲ ಹಾಕಬೇಡಿ, ವಾಲ್ವ್ ಪಿಸ್ಟನ್‌ಗೆ ತಾಗುತ್ತಿರಬಹುದು.