ಮ್ಯೂನಿಕ್‌ಗೆ ಹೊಸದಾಗಿ ಬಂದವರಿಗೆ: ಕಡಿಮೆ ಖರ್ಚಿನಲ್ಲಿ ನಮ್ಮ ಅಡುಗೆಮನೆ

ಮ್ಯೂನಿಕ್‌ಗೆ ಸಂಸಾರ ಸಮೇತ ಬರುವವರು ಹೊರಡುವ ಮುಂಚೆ ಕೇಳುವ ಪ್ರಶ್ನೆಗಳಲ್ಲಿ ಅಡುಗೆಯದ್ದೇ ಅರ್ಧ. ಅಕ್ಕಿ ಎಷ್ಟು ಕೆಜಿ ತರಲಿ, ತೊಗರಿಬೇಳೆ ಸಿಗುತ್ತಾ, ಕುಕ್ಕರ್ ನಡೆಯುತ್ತಾ, ಮಗು ಮೊಸರನ್ನ ಬಿಟ್ಟು ಬೇರೇನೂ ತಿನ್ನಲ್ಲ ಏನು ಮಾಡೋದು. ಎಲ್ಲವನ್ನೂ ಸೇರಿಸಿ ಒಂದೇ ಕಡೆ ಬರೆಯುತ್ತಿದ್ದೇನೆ. ಈ ಊರಲ್ಲಿ ಸಂಬಳದ ದೊಡ್ಡ ಪಾಲು ಬಾಡಿಗೆಗೇ ಹೋಗುತ್ತದೆ, ಅದನ್ನು ಇಳಿಸುವುದು ನಮ್ಮ ಕೈಯಲ್ಲಿಲ್ಲ. ಅಡುಗೆಮನೆ ಖರ್ಚು ನಮ್ಮ ಕೈಯಲ್ಲಿದೆ. ಇಂಡಿಯನ್ ಅಂಗಡಿಗೆ ತಿಂಗಳಿಗೊಮ್ಮೆ, ಟರ್ಕಿಶ್ ಅಂಗಡಿಗೆ ವಾರಕ್ಕೊಮ್ಮೆ ಹೋಗಿ. ಉಳಿದದ್ದು ಮನೆ ಹತ್ತಿರದ ಆಲ್ಡಿ ಅಥವಾ ಲಿಡ್ಲ್ ಅನ್ನುವ ಅಗ್ಗದ ಸೂಪರ್ ಮಾರ್ಕೆಟ್‌ನಲ್ಲಿ ಸಿಗುತ್ತದೆ. ಮೊಸರು, ತುಪ್ಪ, ದೋಸೆಹಿಟ್ಟು, ಸಾರಿನಪುಡಿ ಮನೆಯಲ್ಲೇ ಆಗಲಿ. ಇಷ್ಟು ಮಾಡಿದರೆ ಸಾಕು, ದಿನಾ ನಮ್ಮ ಊಟವನ್ನೇ ಉಣ್ಣಬಹುದು, ದುಡ್ಡೂ ಉಳಿಯುತ್ತದೆ.

ಮೊದಲು ಸೂಟ್‌ಕೇಸ್. ಅಕ್ಕಿ ಬೇಳೆ ತುಂಬಿಕೊಂಡು ಬರಬೇಡಿ, ಸೋನಾ ಮಸೂರಿಯ ದೊಡ್ಡ ಮೂಟೆಯೇ ಇಲ್ಲಿ ಸಿಗುತ್ತದೆ. ಆ ಜಾಗದಲ್ಲಿ ಬ್ಯಾಡಗಿ ಮೆಣಸಿನಕಾಯಿ, ಒಳ್ಳೆ ಇಂಗು, ಮನೆಯಲ್ಲಿ ಮಾಡಿದ ಹುಳಿಪುಡಿ, ಒಣಗಿಸಿದ ಕರಿಬೇವು ತನ್ನಿ. ಮಿಕ್ಸಿ ಖಂಡಿತ ತನ್ನಿ. ಇಲ್ಲಿನ ಕರೆಂಟೂ 230 ವೋಲ್ಟೇ, ಪ್ಲಗ್ಗಿಗೆ ಒಂದು ಅಡಾಪ್ಟರ್ ಇದ್ದರೆ ಆಯಿತು. ಇಲ್ಲಿನ ಬ್ಲೆಂಡರ್‌ನಲ್ಲಿ ಉದ್ದಿನಬೇಳೆ ನುಣ್ಣಗೆ ಆಗುವುದಿಲ್ಲ, ಚಟ್ನಿಯೂ ನೀರುನೀರು. ಅಮ್ಮ ಎಷ್ಟೇ ಪ್ರೀತಿಯಿಂದ ಕಟ್ಟಿಕೊಟ್ಟರೂ ತುಪ್ಪ, ಖೋವಾ ತರುವ ಹಾಗಿಲ್ಲ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥ, ಮಾಂಸ ತರುವುದಕ್ಕೆ ನಿಷೇಧವಿದೆ, ಸಿಕ್ಕಿದರೆ ಕಸ್ಟಮ್ಸ್‌ನವರು ಕಿತ್ತುಕೊಂಡು ಎಸೆಯುತ್ತಾರೆ. ಹಸಿ ಕರಿಬೇವು, ವೀಳ್ಯದೆಲೆ, ಮಾವಿನಕಾಯಿಗೂ ಗಿಡರೋಗ ಇಲ್ಲ ಅನ್ನುವ ಸರ್ಟಿಫಿಕೇಟ್ ಬೇಕು. 2019ರ ಡಿಸೆಂಬರ್‌ನಿಂದ ಈ ನಿಯಮ ಬಿಗಿಯಾಗಿದೆ. ತೆಂಗಿನಕಾಯಿ, ಬಾಳೆಹಣ್ಣಿಗೆ ವಿನಾಯಿತಿ ಇದೆ, ಆದರೆ ಅದರ ಭಾರಕ್ಕೆ ಹೊತ್ತು ತರುವುದು ಬೇಡ.

ಮನೆ ನೋಡುವಾಗ ಅಡುಗೆಮನೆಯಲ್ಲಿ ಏನಿದೆ ಅಂತ ಸರಿಯಾಗಿ ಕೇಳಿಕೊಳ್ಳಿ. ಇಲ್ಲಿ ಎಷ್ಟೋ ಮನೆಗಳನ್ನು ಒಲೆ, ಸಿಂಕು, ಕಪಾಟು ಯಾವುದೂ ಇಲ್ಲದೆ ಬರೀ ಗೋಡೆಯ ಕೋಣೆಯಾಗಿ ಬಾಡಿಗೆಗೆ ಕೊಡುತ್ತಾರೆ. ಅಡುಗೆಮನೆ ಸಮೇತ ಇದ್ದರೆ ಜಾಹೀರಾತಿನಲ್ಲಿ ಐನ್‌ಬೌಕ್ಯೂಶೆ ಅಂತ ಬರೆದಿರುತ್ತದೆ. ಒಲೆ ಸಾಮಾನ್ಯವಾಗಿ ಗಾಜಿನ ಮೇಲ್ಮೈಯದ್ದು. ಅದರಲ್ಲೂ ಎರಡು ಜಾತಿ. ಇಂಡಕ್ಷನ್ ಆದರೆ ಬರೀ ಅಲ್ಯೂಮಿನಿಯಂ ಕುಕ್ಕರ್ ನಡೆಯುವುದಿಲ್ಲ, ಇಂಡಕ್ಷನ್ ತಳದ ಸ್ಟೀಲ್ ಕುಕ್ಕರ್ ಬೇಕು. ಸೆರಾನ್, ಅಂದರೆ ಗಾಜಿನ ಕೆಳಗೆ ಕಾಯುವ ತಂತಿ ಇರುವ ಒಲೆ ಆದರೆ ಯಾವ ಲೋಹವಾದರೂ ಸರಿ, ತಳ ಮಾತ್ರ ಚಪ್ಪಟೆ ಇರಬೇಕು.

ಸೆರಾನ್ ಒಲೆಯಲ್ಲಿ ಒಗ್ಗರಣೆ ಸೀಯುವುದು ಎಲ್ಲ ಹೊಸಬರ ಮನೆಯಲ್ಲೂ ನಡೆಯುತ್ತದೆ. ಗ್ಯಾಸ್ ಆರಿಸಿದರೆ ಉರಿ ನಿಲ್ಲುತ್ತದೆ, ಇದು ಆರಿಸಿದ ಮೇಲೂ ಬಹಳ ಹೊತ್ತು ಕಾದೇ ಇರುತ್ತದೆ. ಎಣ್ಣೆ ಕಾಯುತ್ತಿದ್ದ ಹಾಗೆ ಒಲೆ ಆರಿಸಿಬಿಡಿ, ಆ ಕಾವಿಗೇ ಸಾಸಿವೆ ಸಿಡಿಯುತ್ತದೆ, ಸಿಡಿದ ಕೂಡಲೇ ಬಾಣಲೆ ಎತ್ತಿ ಪಕ್ಕದ ತಣ್ಣನೆ ಜಾಗಕ್ಕಿಟ್ಟು ಅಲ್ಲಿ ಇಂಗು, ಕರಿಬೇವು ಹಾಕಿ. ಅನ್ನ, ಬೇಳೆಗೂ ಹೀಗೇ ಕೊನೆಯ ಐದು ನಿಮಿಷ ಒಲೆ ಆರಿಸಿ ಉಳಿದ ಕಾವಿನಲ್ಲೇ ಬೇಯಿಸಿ. ಕರೆಂಟ್ ಬಿಲ್ ನೋಡಿದಾಗ ಇದರ ಬೆಲೆ ತಿಳಿಯುತ್ತದೆ. ಹಾಲ್‌ನಲ್ಲಿ ಹೊಗೆ ಅಲಾರಂ ಇರುತ್ತದೆ, ಮೆಣಸಿನಕಾಯಿ ಹುರಿಯುವ ದಿನ ಅಡುಗೆಮನೆ ಬಾಗಿಲು ಹಾಕಿ, ಕಿಟಕಿ ತೆಗೆಯಿರಿ.

ಸಾಮಾನಿನ ವಿಷಯ. ಊರಿನ ಮುಖ್ಯ ರೈಲ್ವೆ ಸ್ಟೇಷನ್ನಿನ ದಕ್ಷಿಣಕ್ಕೆ ಗೋಥೆ ಸ್ಟ್ರಾಸೆ, ಲಾಂಡ್‌ವೇರ್ ಸ್ಟ್ರಾಸೆ ಕಡೆ ಟರ್ಕಿಶ್, ಅರಬ್ ಅಂಗಡಿಗಳ ಸಾಲೇ ಇದೆ. ಸೂಪರ್ ಮಾರ್ಕೆಟ್‌ನಲ್ಲಿ ಕೊತ್ತಂಬರಿ ಸೊಪ್ಪು ನಾಲ್ಕು ಎಲೆ ಕುಂಡದಲ್ಲಿಟ್ಟು ಮಾರಿದರೆ ಇಲ್ಲಿ ಕೈತುಂಬ ಕಟ್ಟು ಸಿಗುತ್ತದೆ. ಪುದೀನ, ಬದನೆ, ಬೆಂಡೆ, ಹಸಿಮೆಣಸಿನಕಾಯಿ, ಕಡಲೆಕಾಳು, ಅಲಸಂದೆ, ಕೆಂಪು ಮಸೂರ್ ಬೇಳೆ ಎಲ್ಲ ಉಂಟು. ಮಸೂರ್ ಬೇಳೆ ತೊಗರಿಯಷ್ಟು ರುಚಿಯಲ್ಲ, ಒಪ್ಪುತ್ತೇನೆ. ಅರ್ಧ ತೊಗರಿ, ಅರ್ಧ ಮಸೂರ್ ಹಾಕಿ ಹುಳಿ ಮಾಡಿ ನೋಡಿ, ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಕುಕ್ಕರ್ ಇಲ್ಲದಿದ್ದರೂ ಮಸೂರ್ ಇಪ್ಪತ್ತು ನಿಮಿಷದಲ್ಲಿ ಬೇಯುತ್ತದೆ. ಇಂಡಿಯನ್ ಅಂಗಡಿಗೆ ತೊಗರಿ, ಉದ್ದು, ರಾಗಿಹಿಟ್ಟು, ಹುಣಸೆಹಣ್ಣು, ಫ್ರೋಜನ್ ತೆಂಗಿನತುರಿ, ಇಷ್ಟಕ್ಕೆ ಹೋದರೆ ಸಾಕು. ಊರ ನಡುವಿನ ವಿಕ್ಟುವಾಲಿಯನ್ ಮಾರ್ಕ್ಟ್ ಅನ್ನುವ ಸಂತೆ ನೋಡಲು ಚಂದ, ತರಕಾರಿ ತರಲು ಅಲ್ಲ.

ಆದಿತ್ಯವಾರ ಹೆಚ್ಚುಕಮ್ಮಿ ಎಲ್ಲ ಅಂಗಡಿಯೂ ಬಂದ್. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಉಳಿದ ದಿನವೂ ಸೂಪರ್ ಮಾರ್ಕೆಟ್‌ಗಳು ರಾತ್ರಿ 8ಕ್ಕೆ ಮುಚ್ಚುತ್ತವೆ. ಶನಿವಾರ ಸಂಜೆಯೊಳಗೆ ಹಾಲು ತರಕಾರಿ ಮನೆಗೆ ಬಂದಿರಲಿ. ಮಿಕ್ಸಿಗೂ ಇದೇ ಮಾತು. ರಾತ್ರಿ 10ರ ಮೇಲೆ, ಭಾನುವಾರವಿಡೀ ಇಲ್ಲಿ ಸದ್ದು ಮಾಡುವ ಹಾಗಿಲ್ಲ. ದೋಸೆಗೆ ಶುಕ್ರವಾರ ಸಂಜೆಯೋ ಶನಿವಾರ ಬೆಳಿಗ್ಗೆಯೋ ರುಬ್ಬಿಬಿಡಿ.

ತರಕಾರಿ ವಿಷಯದಲ್ಲಿ ನಮ್ಮವರು ಸುಮ್ನೆ ಬೇಜಾರು ಮಾಡಿಕೊಳ್ಳುತ್ತಾರೆ. ಇಲ್ಲಿನ ಅಗ್ಗದ ತರಕಾರಿಗಳಲ್ಲಿ ಅರ್ಧ ನಮ್ಮವೇ. ಕೋಲ್‌ರಾಬಿ ನಮ್ಮ ನವಿಲುಕೋಸು, ಎಳೆ ಎಲೆ ಸಮೇತ ಬರುತ್ತದೆ. ಗೆಡ್ಡೆ ಹುಳಿಗೆ, ಎಲೆ ಪಲ್ಯಕ್ಕೆ. ಬವೇರಿಯಾದವರು ಬಿಯರ್ ಜೊತೆ ಉಪ್ಪು ಹಾಕಿಕೊಂಡು ತಿನ್ನುವ ರಾಡಿ ನಮ್ಮ ಬಿಳಿ ಮೂಲಂಗಿ, ಹುಳಿಗೆ ಬಲು ಚೆನ್ನ. ಡಿಲ್ ಅಂತ ಮೀನಿಗೆ ಹಾಕುವ ಸೊಪ್ಪು ನಮ್ಮ ಸಬ್ಬಸಿಗೆ, ಅಕ್ಕಿರೊಟ್ಟಿಗೂ ಇಡ್ಲಿಹಿಟ್ಟಿಗೂ ಹಾಕಿ. ಬಸ್ಸಾರಿಗೆ ಮಾಂಗೋಲ್ಡ್ ಸೊಪ್ಪು ತನ್ನಿ. ದಂಟು ದಪ್ಪ ಇರುತ್ತದೆ, ಅದನ್ನು ಕತ್ತರಿಸಿ ಅಲಸಂದೆ ಕಾಳಿನ ಜೊತೆ ಮೊದಲು ಬೇಯಲು ಬಿಡಿ, ಎಲೆ ಕೊನೆಗೆ. ಬಸಿದ ನೀರು ಸಾರಿಗೆ, ಸೊಪ್ಪು ಕಾಳು ಪಲ್ಯಕ್ಕೆ, ಜೊತೆಗೆ ಮುದ್ದೆ. ಎರಡು ಹೊತ್ತಿನ ಊಟ ಮುಗಿಯಿತು. ಶರತ್ಕಾಲದಲ್ಲಿ ಬರುವ ಹೊಕ್ಕಾಯ್ಡೊ ಕುಂಬಳಕಾಯಿಗೆ ಸಿಪ್ಪೆ ತೆಗೆಯುವ ಕೆಲಸವೂ ಇಲ್ಲ. ಏಪ್ರಿಲ್‌ನಿಂದ ಜೂನ್‌ವರೆಗೆ ರಬಾರ್ಬರ್ ಅಂತ ಕೆಂಪು ದಂಟು ಬರುತ್ತದೆ, ಚೆನ್ನಾಗಿ ಹುಳಿ. ಬೆಲ್ಲ, ಮೆಂತ್ಯ ಹಾಕಿ ತೊಕ್ಕು ಮಾಡಿಟ್ಟರೆ ಮಾವಿನಕಾಯಿಯ ಆಸೆ ಸ್ವಲ್ಪ ತೀರುತ್ತದೆ. ಒಂದು ಎಚ್ಚರಿಕೆ: ಅದರ ಎಲೆ ವಿಷ. ಸೊಪ್ಪು ಕಂಡರೆ ಸಾರು ಮಾಡುವ ಅಭ್ಯಾಸ ನಮ್ಮದು, ಇದಕ್ಕೆ ಮಾತ್ರ ಬೇಡ, ದಂಟು ಇಟ್ಟುಕೊಂಡು ಎಲೆ ಎಸೆಯಿರಿ.

ಉಪ್ಪಿಟ್ಟಿಗೆ ಹಾರ್ಟ್‌ವೈಟ್ಸನ್‌ಗ್ರೀಸ್ ಅಂತ ಬರೆದ ರವೆ ತನ್ನಿ. ವೈಶ್‌ವೈಟ್ಸನ್ ಅಂತ ಇರುವುದು ಮೆತ್ತಗಾಗಿ ಮುದ್ದೆ ಕಟ್ಟುತ್ತದೆ, ಅದು ಕೇಸರಿಬಾತಿಗೆ ಇರಲಿ. ಗೋಧಿಹಿಟ್ಟಿನ ಪೊಟ್ಟಣದ ಮೇಲೆ 405 ಅಂತ ಇದ್ದರೆ ಮೈದಾ ಅಂದುಕೊಳ್ಳಿ. ಆಟಾ ಖಾಲಿಯಾದ ದಿನ 550 ಅಂತ ಇರುವ ಹಿಟ್ಟು ಅರ್ಧ, ಫೋಲ್‌ಕೋರ್ನ್ ಅಂತ ಬರೆದ ಹೊಟ್ಟು ಸಮೇತದ ಹಿಟ್ಟು ಅರ್ಧ ಬೆರೆಸಿ ಬಿಸಿನೀರಿನಲ್ಲಿ ಕಲಸಿ ಅರ್ಧ ಗಂಟೆ ನೆನೆಯಲು ಬಿಟ್ಟರೆ ಚಪಾತಿ ಆಗುತ್ತದೆ.

ಇನ್ನು ಮೊಸರು. ಹಾಲು 3.5 ಪರ್ಸೆಂಟ್ ಕೊಬ್ಬಿನದ್ದು ತೆಗೆದುಕೊಳ್ಳಿ. ಕೆನೆ ಕಟ್ಟುತ್ತದೆ ಅಂತ ಕಾಯಬೇಡಿ, ಇಲ್ಲಿನ ಅಂಗಡಿ ಹಾಲಿನಲ್ಲಿ ಕೊಬ್ಬನ್ನು ಒಡೆದು ಹಾಲಿಗೇ ಬೆರೆಸಿರುತ್ತಾರೆ. ಹಾ-ಮಿಲ್ಶ್ ಅಂತ ಫ್ರಿಜ್ಜಿನ ಹೊರಗೆ ಇಡುವ ಡಬ್ಬಿ ಹಾಲನ್ನು ಕಾಯಿಸಬೇಕಿಲ್ಲ, ಬೆಚ್ಚಗೆ ಮಾಡಿದರೆ ಸಾಕು, ಮೊಸರು ಸ್ವಲ್ಪ ತೆಳುವಾಗುತ್ತದೆ ಅಷ್ಟೆ. ಗಟ್ಟಿ ಬೇಕಾದರೆ ಫ್ರಿಶ್‌ಮಿಲ್ಶ್, ಅಂದರೆ ಫ್ರಿಜ್ಜಿನಲ್ಲಿಟ್ಟು ಮಾರುವ ತಾಜಾ ಹಾಲು, ಉಕ್ಕಿಸಿ ಆರಿಸಿ. ಬೆರಳು ಅದ್ದಿದರೆ ಬೆಚ್ಚಗೆ ಅನ್ನಿಸಬೇಕು, ಸುಡಬಾರದು. ಹೆಪ್ಪಿಗೆ ಮೊದಲ ಸಲ ಅಂಗಡಿಯ ಸಾದಾ ಯೋಗುರ್ಟ್ ಬೇಕಲ್ವಾ, ಅದರ ಮೇಲೆ ಮಿಲ್ಡ್ ಅಂತ ಬರೆದಿದೆಯಾ ನೋಡಿ. ಮಿಲ್ಡ್ ಅಂದರೆ ಹೆಪ್ಪಿನ ಸೂಕ್ಷ್ಮಜೀವಿಗಳೇ ಬೇರೆ, ಎಷ್ಟು ಹೊತ್ತು ಬಿಟ್ಟರೂ ನಮ್ಮ ಮೊಸರಿನಷ್ಟು ಹುಳಿ ಬರುವುದಿಲ್ಲ. ಮಗುವಿನ ಮೊಸರನ್ನಕ್ಕೆ ಅದೇ ಒಳ್ಳೆಯದು, ಮಜ್ಜಿಗೆಹುಳಿಗೆ ಆಗಲ್ಲ. ಲೀಟರಿಗೆ ಎರಡು ಚಮಚ ಹೆಪ್ಪು ಬೆರೆಸಿ, ಪಾತ್ರೆಗೆ ಟವಲ್ ಸುತ್ತಿ, ಓವನ್ ಒಳಗಿಟ್ಟು ಬರೀ ಲೈಟ್ ಹಾಕಿ. ಹಳೇ ನಮೂನೆ ಬಲ್ಬ್ ಇದ್ದರೆ ಆ ಶಾಖಕ್ಕೇ ಬೆಳಗಾಗುವಷ್ಟರಲ್ಲಿ ಹೆಪ್ಪುಗಟ್ಟುತ್ತದೆ. ಎಲ್‌ಇಡಿ ಬಲ್ಬ್ ಬಿಸಿಯಾಗುವುದಿಲ್ಲ, ಆಗ ಜೊತೆಗೆ ಒಂದು ಪಾತ್ರೆ ಬಿಸಿನೀರು ಇಡಿ.

ದೋಸೆಹಿಟ್ಟಿಗೂ ಅದೇ ಓವನ್. ಇಡ್ಲಿ ಅಕ್ಕಿ ಹುಡುಕಿಕೊಂಡು ಹೋಗಬೇಡಿ, ಸೂಪರ್ ಮಾರ್ಕೆಟ್‌ನ ಪಾರ್‌ಬಾಯಿಲ್ಡ್ ಅಕ್ಕಿ ನಮ್ಮ ಕುಸುಬಲಕ್ಕಿಯ ಜಾತಿಯದ್ದೇ. ಮೂರು ಲೋಟ ಅಕ್ಕಿ, ಒಂದು ಲೋಟ ಉದ್ದಿನಬೇಳೆ, ಒಂದು ಚಮಚ ಮೆಂತ್ಯ, ರುಬ್ಬುವಾಗ ಒಂದು ಹಿಡಿ ತಂಗಳನ್ನ. ಚಳಿಗಾಲದಲ್ಲಿ ಒಂದು ರಾತ್ರಿಗೆ ಉಬ್ಬದಿದ್ದರೆ ಇನ್ನೂ ಅರ್ಧ ದಿನ ಬಿಡಿ, ಅವಸರಕ್ಕೆ ಸೋಡಾ ಹಾಕಬೇಡಿ. ಪಾತ್ರೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹಿಟ್ಟು ತುಂಬಬೇಡಿ, ಉಕ್ಕಿ ಓವನ್ ತಳಕ್ಕೆ ಬಿದ್ದರೆ ತೊಳೆಯುವುದು ದೊಡ್ಡ ಕೆಲಸ.

ತುಪ್ಪ ಮಾತ್ರ ಯಾವತ್ತೂ ಡಬ್ಬಿಯದ್ದು ಕೊಳ್ಳಬೇಡಿ. 250 ಗ್ರಾಂ ಬೆಣ್ಣೆಯ ಪೊಟ್ಟಣ ರಿಯಾಯಿತಿಗೆ ಬಂದಾಗ ನಾಲ್ಕೈದು ತಂದು ಫ್ರೀಜರ್‌ಗೆ ಹಾಕಿ. ಉಪ್ಪಿಲ್ಲದ್ದೇ ಇರಲಿ. ಅದರಲ್ಲೂ ಝೌವರ್‌ರಾಮ್ ಅಂತ ಬರೆದದ್ದು ಹುಳಿ ಬರಿಸಿದ ಕೆನೆಯಿಂದ ತೆಗೆದ ಬೆಣ್ಣೆ, ಮಜ್ಜಿಗೆ ಕಡೆದು ತೆಗೆದ ಬೆಣ್ಣೆಯ ತುಪ್ಪದ ಘಮ ಬರುವುದು ಅದಕ್ಕೆ ಮಾತ್ರ. ಒಂದು ಕೆಜಿ ಬೆಣ್ಣೆಗೆ ಸುಮಾರು 800 ಗ್ರಾಂ ತುಪ್ಪ ಸಿಗುತ್ತದೆ. ಸಣ್ಣ ಕಾವಿನಲ್ಲಿ ಚಟಪಟ ಸದ್ದು ನಿಂತು ಗಸಿ ತಿಳಿಗೆಂಪಾಗುತ್ತಿದ್ದ ಹಾಗೆ ಪಾತ್ರೆ ಇಳಿಸಿ, ಒಲೆ ಮೇಲೇ ಬಿಟ್ಟರೆ ಕಪ್ಪಾಗುತ್ತದೆ. ಗಸಿಗೆ ಸಕ್ಕರೆ ಬೆರೆಸಿ ಮಕ್ಕಳಿಗೆ ಕೊಡಿ.

ಸಾರಿನಪುಡಿಗೆ ನಾನು ಹಾಕುವ ಅಳತೆ: ಒಂದು ಲೋಟ ಕೊತ್ತಂಬರಿ ಬೀಜ, ಒಂದೂವರೆ ಲೋಟ ಮುರಿದ ಬ್ಯಾಡಗಿ, ಕಾಲು ಲೋಟ ಜೀರಿಗೆ, ಎರಡು ಚಮಚ ಮೆಣಸು, ಒಂದೊಂದು ಚಮಚ ಮೆಂತ್ಯ, ಸಾಸಿವೆ. ಬೇರೆಬೇರೆಯಾಗಿ ಹುರಿದು, ಪೂರ್ತಿ ಆರಿದ ಮೇಲೆ ಪುಡಿ ಮಾಡಿ ಗಾಜಿನ ಬಾಟಲಿಗೆ ತುಂಬಿ. ಜಾಮ್ ಬಾಟಲಿಗಳನ್ನು ಎಸೆಯಬೇಡಿ, ಇದಕ್ಕೇ ಆಗುತ್ತವೆ.

ಕುಡಿಯುವ ನೀರಿಗೆ ದುಡ್ಡು ಕೊಡಲೇಬೇಡಿ. ಮ್ಯೂನಿಕ್‌ನ ನಲ್ಲಿಗೆ ಬರುವುದು ಆಲ್ಪ್ಸ್ ತಪ್ಪಲಿನ ಮಾಂಗ್‌ಫಾಲ್, ಲೋಯ್ಸಾಹ್ ಕಣಿವೆಗಳ ನೀರು, ನೇರವಾಗಿ ಕುಡಿಯಬಹುದು. ಆದರೆ ಗಡಸು ನೀರು. ಕೆಟಲ್ ತಳದಲ್ಲಿ, ನಲ್ಲಿಯಲ್ಲಿ, ಬಚ್ಚಲಿನ ಗಾಜಿನ ಮೇಲೆ ಬಿಳಿ ಸುಣ್ಣ ಕಟ್ಟುತ್ತದೆ. ಇದಕ್ಕೆ ಬಣ್ಣಬಣ್ಣದ ಸ್ಪ್ರೇ ಬಾಟಲಿ ಬೇಡ, ಸೋಪು, ಶಾಂಪೂ ಮಾರುವ ಡಿಎಂ ಅಂಗಡಿಯಲ್ಲಿ ಪುಡಿಯಾಗಿ ಸಿಗುವ ಸಿಟ್ರಿಕ್ ಆಮ್ಲ ಒಂದು ಡಬ್ಬಿ ತನ್ನಿ. ಎರಡು ಚಮಚ ಪುಡಿಯನ್ನು ಒಂದು ಲೀಟರ್ ತಣ್ಣೀರಿನಲ್ಲಿ ಕರಗಿಸಿ ಕೆಟಲ್‌ಗೆ ಹೊಯ್ದು ಅರ್ಧ ಗಂಟೆ ಬಿಡಿ. ಕುದಿಸಬೇಡಿ. ಬಿಸಿಯಾದರೆ ಸುಣ್ಣದ ಜೊತೆ ಸೇರಿ ಇನ್ನೂ ಗಟ್ಟಿಯಾದ ಪೊರೆ ಕೂರುತ್ತದೆ, ಅದನ್ನು ತೆಗೆಯುವುದು ಕಷ್ಟ. ಒಲೆ ಸುತ್ತ ಅಂಟಿದ ಎಣ್ಣೆ ಜಿಡ್ಡಿಗೆ ವಾಶ್‌ಸೋಡಾ ಬಿಸಿನೀರಿನಲ್ಲಿ ಕರಗಿಸಿ ಒರೆಸಿ. ಅಲ್ಯೂಮಿನಿಯಂ ಪಾತ್ರೆಗೆ ಅದನ್ನು ಸೋಕಿಸಬೇಡಿ, ಕಪ್ಪಾಗುತ್ತದೆ. ಬಾಡಿಗೆ ಮನೆಯ ಬಿಳಿ ಕಟ್ಟೆಗೆ ಅರಿಶಿನ ತಾಗಿದರೆ ಗಾಬರಿ ಬೇಡ, ಸೋಪು ಹಾಕಿ ಒರೆಸಿ ಕಿಟಕಿ ಪರದೆ ಸರಿಸಿಡಿ, ಬಿಸಿಲು ಬಿದ್ದ ಹಾಗೆ ಅರಿಶಿನದ ಬಣ್ಣ ತಾನಾಗಿ ಮಾಸುತ್ತದೆ. ಬಟ್ಟೆಗೂ ಅಷ್ಟೇ.

ವಿನೆಗರ್ ಆಗಲಿ, ಸಿಟ್ರಿಕ್ ಆಮ್ಲ ಆಗಲಿ, ಕ್ಲೋರಿನ್ ಇರುವ ಟಾಯ್ಲೆಟ್ ಕ್ಲೀನರ್ ಜೊತೆ ಯಾವ ಕಾರಣಕ್ಕೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಸಿಟ್ರಿಕ್ ಆಮ್ಲದ ಪುಡಿ ಸಕ್ಕರೆ ಥರವೇ ಕಾಣುವುದರಿಂದ ಡಬ್ಬಿಯ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆದು ಅಡುಗೆಮನೆಯ ಹೊರಗೆ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಊರಿಂದ ಅತ್ತೆಯೋ ಅಮ್ಮನೋ ಬಂದಾಗ ಮೊದಲ ದಿನವೇ ಅದನ್ನು ತೋರಿಸಿ ಹೇಳಿಬಿಡಿ.